ಅಪ್‌ಡೇಟ್: ಎಲ್ಕ್ 30 ಗಜಕ್ಕೆ ಬಂತು, ಆದರೆ...

ಹೋದ ವಾರ ಕೇಳಿದ್ದೆನಲ್ಲ, ಕೊಲೊರಾಡೊ ಬೆಟ್ಟದ ಕಾಡಿನಲ್ಲಿ ಒಬ್ಬನೇ ಬಿಲ್ಲು ಹಿಡಿದು ಹೋದರೆ ಗಂಡು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೆಣ್ಣಿನ ದನಿಯಲ್ಲಿ ನಾನು ಕೂಗುವ ಕೂಗಿಗೆ ಉತ್ತರ ಕೊಡುತ್ತದೆ, ಆದರೆ 80 ಗಜ ದೂರದಲ್ಲೇ ನಿಂತುಬಿಡುತ್ತದೆ ಅಂತ. ತಪ್ಪು ನನ್ನದೇ. ಕೂಗಿದ ಜಾಗದಲ್ಲೇ ಕೂತಿರುತ್ತಿದ್ದೆ. ದನಿ ಬಂದ ಕಡೆ ನೋಡಿದರೆ ಹೆಣ್ಣೇ ಇಲ್ಲ, ಮತ್ತೆ ಯಾಕೆ ಮುಂದೆ ಬರುತ್ತದೆ, ಅಲ್ವಾ? ಜೊತೆಗಾರನಿದ್ದರೆ ಅವನು ಹಿಂದೆ ನಿಂತು ಕೂಗುತ್ತಾನೆ. ನನಗೆ ಎರಡೂ ಕೆಲಸ.

ಶನಿವಾರ ಬೆಳಗ್ಗೆ ನೀವು ಹೇಳಿದಂತೆ ಮಾಡಿದೆ. ಸಣ್ಣ ದಿಣ್ಣೆಯ ಹಿಂದೆ ನಿಂತು ಹೆಣ್ಣಿನ ಹಾಗೆ ಎರಡು ಸಲ ಮೆಲ್ಲಗೆ ಕೂಗಿದೆ. ಗಂಡು ಕೊಂಬು ಉಜ್ಜಿದ ಸದ್ದು ಬರಲಿ ಅಂತ ಒಣ ಕೊಂಬೆಯಿಂದ ಸ್ಪ್ರೂಸ್ ಮರದ ತೊಗಟೆ ಕೆರೆದೆ. ಆಮೇಲೆ ಸದ್ದಿಲ್ಲದೆ 40 ಗಜ ಮುಂದೆ, ಗಾಳಿ ಹೋಗುವ ಬದಿಗೆ ಸರಿದೆ. ವಾಸನೆ ಹಿಡಿಯಲು ಗಂಡು ಆ ಕಡೆಯಿಂದಲೇ ಸುತ್ತಿ ಬರುವುದು ಜಾಸ್ತಿ.

ಹತ್ತು ನಿಮಿಷ ಏನೂ ಇಲ್ಲ. ಮೊದಲು ಬಂದದ್ದು ವಾಸನೆ, ಹೋತ ಕಟ್ಟಿದ ಕೊಟ್ಟಿಗೆಯಂಥ ಘಾಟು. ಆಮೇಲೆ ಆಸ್ಪೆನ್ ಮರಗಳ ನಡುವೆ ಕೊಂಬು. 30 ಗಜ! ಎದೆ ಡವಡವ. ಬಿಲ್ಲು ಎಳೆದು ಹಿಡಿದೆ. ಆದರೆ ಅದು ನೇರ ನನ್ನ ಕಡೆ ಮುಖ ಮಾಡಿ ನಿಂತಿತ್ತು, ಪಕ್ಕೆ ಕಾಣಲಿಲ್ಲ. ಅಂಥ ಬಾಣ ನಾನು ಬಿಡುವುದಿಲ್ಲ. ಅಷ್ಟರಲ್ಲಿ ಬಿಸಿಲೇರಿತು. ಇಳಿಯುತ್ತಿದ್ದ ಗಾಳಿ ಮೇಲಕ್ಕೆ ತಿರುಗಿತು. ನನ್ನ ಕತ್ತಿನ ಹಿಂಬದಿ ತಣ್ಣಗಾಯಿತು, ನನ್ನ ವಾಸನೆ ಸಿಕ್ಕ ಎಲ್ಕ್ ಒಂದೇ ನೆಗೆತಕ್ಕೆ ಮಾಯ.

ಟ್ಯಾಗ್ (ಒಂದು ಎಲ್ಕ್ ಬೇಟೆಯ ಪರವಾನಗಿ ಚೀಟಿ) ಇನ್ನೂ ಜೇಬಿನಲ್ಲೇ ಇದೆ. ಮುಂದಿನ ಶನಿವಾರ ಒಂದು ಗಂಟೆ ಮೊದಲೇ ಹತ್ತುತ್ತೇನೆ.