ಅಂಗಾಲಲ್ಲಿ ಕಪ್ಪು ಮಚ್ಚೆ: ಡರ್ಮೋಸ್ಕೋಪಿ ಮಾಡಿಸಿದವ್ರು ಇದ್ರೆ ಅನುಭವ ಹೇಳಿ

ಕುಮಟಾದಿಂದ: ನಮ್ಮ ಆಯಿ ಹಿಮ್ಮಡಿ ಹತ್ರ ಒಂದು ಕಪ್ಪು ಮಚ್ಚೆ ಅದೆ, ಈ ಮಳೆಗಾಲದಿಂದ ಹರಡಿದ ಹಂಗೆ ಕಾಣ್ತದೆ. ನೋವಿಲ್ಲ, ತುರಿಕೆ ಇಲ್ಲ. ಚರ್ಮದ ಡಾಕ್ಟ್ರು ಮೊದ್ಲು ಡರ್ಮೋಸ್ಕೋಪಿ (ಲೆನ್ಸಲ್ಲಿ ಮಚ್ಚೆ ನೋಡೋದು) ಮಾಡುವ, ಆಮೇಲೆ ಕೊಯ್ಯೋದು ನೋಡುವ ಅಂದ್ರು. ನೋವಾಗ್ತದಾ? ಅದ್ರಲ್ಲೇ ಕ್ಯಾನ್ಸರ್ ಹೌದೋ ಅಲ್ವೋ ಗೊತ್ತಾಗ್ತದಾ?

ಶಿರಸಿಯಿಂದ: ನಮ್ಮಪ್ಪಂಗೂ ಅಂಗಾಲಲ್ಲೇ ಇತ್ತು, ತೋಟದಲ್ಲಿ ಬರಿಗಾಲಲ್ಲೇ ಓಡಾಡೋರು, ಮುಳ್ಳು ಚುಚ್ಚಿದ ಕಲೆ ಅಂತ ಎಲ್ಲರೂ ಹೇಳ್ತಿದ್ರು. ಹೆದರಬೇಡಿ, ಸೂಜಿ ಇಲ್ಲ, ನೋವಿಲ್ಲ. ಕೈಯಲ್ಲಿ ಹಿಡಿಯೋ ಲೈಟಿನ ಲೆನ್ಸು, ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸ್ತದೆ, ಪೋಲರೈಸ್ಡ್ ಲೈಟ್ ಆದ್ದರಿಂದ ಚರ್ಮದ ಮೇಲಿನ ಹೊಳಪು ಕಳೆದು ಒಳಗೆ ಬಣ್ಣ ಹೆಂಗೆ ಕೂತಿದೆ ಅಂತ ಕಾಣ್ತದೆ. ಡಾಕ್ಟ್ರು ಫೋಟೋ ತೆಗ್ದು ನಮಗೂ ತೋರ್ಸಿದ್ರು. ಅಂಗಾಲಿನ ಚರ್ಮದಲ್ಲಿ ಗದ್ದೆ ಹೂಡಿದ ಸಾಲಿನ ಹಂಗೆ ಉಬ್ಬು-ತಗ್ಗು ಗೆರೆ ಇರ್ತಾವಲ್ಲ, ಕಪ್ಪು ತಗ್ಗಿನ ಗೆರೆಗುಂಟ ಇದ್ರೆ ಹೆಚ್ಚಾಗಿ ಸಾದಾ ಮಚ್ಚೆ, ಉಬ್ಬಿನ ಮೇಲೆ ಪಟ್ಟೆಪಟ್ಟೆಯಾಗಿ ಕೂತಿದ್ರೆ ಮೆಲನೋಮ (ಚರ್ಮದ ಬಣ್ಣದ ಕೋಶದಲ್ಲಿ ಹುಟ್ಟೋ ಕ್ಯಾನ್ಸರ್) ಅನ್ನೋ ಅನುಮಾನ. ಬೆವರಿನ ರಂಧ್ರ ಉಬ್ಬಿನ ನಡುವೆ ಸಾಲಾಗಿ ಬಿಳಿ ಚುಕ್ಕೆ ಆಗಿ ಕಾಣ್ತಾವೆ, ಅದ್ರಿಂದ ಉಬ್ಬು ಯಾವ್ದು ತಗ್ಗು ಯಾವ್ದು ಅಂತ ಗುರುತು ಹಿಡೀತಾರೆ. ಅಪ್ಪಂದು ತಗ್ಗಲ್ಲೇ ಇತ್ತು, ಕೊಯ್ಲಿಲ್ಲ, ಕೆಲವು ತಿಂಗಳು ಬಿಟ್ಟು ಹಳೇ ಫೋಟೋ ಪಕ್ಕ ಇಟ್ಕೊಂಡು ಮತ್ತೆ ನೋಡಿದ್ರು.

ಆದ್ರೆ ಡರ್ಮೋಸ್ಕೋಪಿ ಇರೋದು ಕೊಯ್ಯಬೇಕೋ ಬೇಡ್ವೋ ತೀರ್ಮಾನ ಮಾಡ್ಲಿಕ್ಕೆ, ಖಾತ್ರಿ ಮಾಡೋದು ಬಯಾಪ್ಸಿನೇ, ಅಂದ್ರೆ ಮಚ್ಚೆ ಕೊಯ್ದು ತೆಗೆದು ಲ್ಯಾಬಲ್ಲಿ ನೋಡೋದು. ಕತ್ತಿ ತಾಗಿಸಿದ್ರೆ ಹರಡ್ತದೆ ಅಂತ ನಮ್ಮ ಕಡೆ ಹೆದರಿಸ್ತಾರೆ, ಅದು ಸುಳ್ಳು, ದಯವಿಟ್ಟು ಆಯಿಗೆ ಆ ಮಾತು ಕೇಳಿಸಬೇಡಿ. ಮೆಲನೋಮ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದ್ರ ಮೇಲೇ ಎಲ್ಲಾ ನಿಂತಿರೋದು, 1 ಮಿ.ಮೀ. ಒಳಗೇ ಸಿಕ್ರೆ ಹೆಚ್ಚಿನವ್ರು ಗುಣ ಆಗ್ತಾರೆ.

ಕಾರವಾರದಿಂದ: ತೋರಿಸೋ ಮೊದ್ಲು ಗೇರೆಣ್ಣೆ, ಸುಣ್ಣ-ಸೋಡಾ ಏನೂ ಹಚ್ಚಬೇಡಿ. ಸುಟ್ಟು ಹುಣ್ಣಾದ್ರೆ ಲೆನ್ಸಲ್ಲಿ ಗೆರೆನೇ ಕಾಣೋದಿಲ್ಲ. ಹಂಗೇ ಆಯಿ ಕಾಲಿನ ಉಗುರೂ ನೋಡಿ. ಪೆಟ್ಟು ಬಿದ್ದು ಕಟ್ಟಿದ ರಕ್ತ ಆದ್ರೆ ಉಗುರು ಬೆಳೆದ ಹಂಗೆ ತುದಿಗೆ ಸರೀತದೆ, ನಮ್ಮತ್ತೆದು ಹಂಗೇ ಹೋಯ್ತು. ಉದ್ದಕ್ಕೆ ಕಪ್ಪು ಪಟ್ಟೆ ಬಂದು ಅಗಲ ಆಗ್ತಿದ್ರೆ, ಬುಡದ ಚರ್ಮಕ್ಕೂ ಕಪ್ಪು ಇಳಿದಿದ್ರೆ ಕಾಯಬಾರ್ದು.

ಅಂಕೋಲಾದಿಂದ: ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡ್ತೇನೆ. ನಮ್ಮ ಜನಕ್ಕೆ ಮೆಲನೋಮ ಕಡಿಮೆ, ಬಂದ್ರೆ ಅಂಗಾಲು, ಅಂಗೈ, ಉಗುರಡಿಯಲ್ಲಿ ಬರೋದು ಜಾಸ್ತಿ, ಅಲ್ಲಿ ಯಾರೂ ನೋಡ್ಕೊಳ್ಳೋದಿಲ್ಲ ಅನ್ನೋದೇ ನನಗೆ ಸಂಕಟ. ಅಡಿಕೆ ಸುಲಿಯೋರ ಅಂಗೈ ಚೊಗರಿನ ಕಲೆಯಲ್ಲಿ ಮಚ್ಚೆ ಮುಚ್ಚಿಹೋಗಿರ್ತದೆ, ಸೀಸನ್ ಮುಗಿದ ಮೇಲೂ ಹೋಗದ ಕಪ್ಪು ಇದ್ರೆ ತೋರಿಸಿ. ಕಾನ್ಫೋಕಲ್ ಅಂತ ಇನ್ನೊಂದು ಮಷೀನ್ ಅದೆ, ಲೇಸರಿಂದ ಜೀವಕೋಶದ ಮಟ್ಟಕ್ಕೆ ನೋಡ್ಬಹುದು, ಆದ್ರೆ ಅದು ಕಾಲು ಮಿಲಿಮೀಟರ್ ಆಸುಪಾಸು ಮಾತ್ರ ಇಳೀತದೆ, ಅಂಗಾಲಿನ ದಪ್ಪ ಚರ್ಮಕ್ಕೆ ಅಷ್ಟು ಉಪಯೋಗ ಇಲ್ಲ, ಅದಕ್ಕೆ ಅಂತ ದೂರ ಓಡ್ಬೇಡಿ. ಮಚ್ಚೆ ಫೋಟೋ ನೋಡಿ ಫೋನ್ ಆ್ಯಪ್ "ಏನೂ ಇಲ್ಲ" ಅಂತ ಹೇಳಿದ್ರೂ ನಂಬಿ ಕೂರಬೇಡಿ. ಹರಡ್ತಿದೆ ಅಂತಿದ್ದೀರಿ, ಹಾಗಾಗಿ ಈ ವಾರವೇ ಮಾಡಿಸಿ, ಡರ್ಮೋಸ್ಕೋಪಿ ಫೋಟೋದ ಕಾಪಿ ಕೇಳಿ ಇಸ್ಕೊಳ್ಳಿ, ನಾಳೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗ್ಬೇಕಾಗಿ ಬಂದ್ರೆ ಅಲ್ಲಿನವ್ರಿಗೆ ಹೋಲಿಸಿ ನೋಡ್ಲಿಕ್ಕೆ ಬೇಕಾಗ್ತದೆ.