ಗೋಡೆಯೆಲ್ಲ ತೇವ, ರಿಪೇರಿ ಖರ್ಚು ಓನರ್ ಮೇಲೋ ಬಾಡಿಗೆಯವರ ಮೇಲೋ?

ಪ್ರಶ್ನೆ:
ಬಾಡಿಗೆಗೆ ಕೊಟ್ಟ ಮನೆ ಖಾಲಿ ಆಗುತ್ತಿದೆ. ನೋಡಲು ಹೋದರೆ ಬಾತ್‌ರೂಮ್ ಪಕ್ಕದ ರೂಮಿನ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆ. ಪೇಂಟ್ ಗುಳ್ಳೆ ಎದ್ದಿದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ವಾರ್ಡ್‌ರೋಬ್ ತಳ ಉಬ್ಬಿ ಬಾಗಿಲೇ ಮುಚ್ಚುತ್ತಿಲ್ಲ. "ಪೈಪ್ ನಿಮ್ಮದು, ನಾವೇನು ಮಾಡೋಣ" ಅಂತಾರೆ ಅವರು. ಸರಿ, ಆದರೆ ಇಷ್ಟಾಗುವವರೆಗೆ ಒಂದು ಮಾತು ಹೇಳಬಾರದಿತ್ತಾ? ಪೂರ್ತಿ ಖರ್ಚು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದಾ?

ಉತ್ತರ 1:
ಜಗಳಕ್ಕೆ ಮುಂಚೆ ನೀರು ಎಲ್ಲಿಂದ ಬರುತ್ತಿದೆ ನೋಡಿ ಸಾರ್. ಎಲ್ಲ ನಲ್ಲಿ ಬಂದ್ ಮಾಡಿ, ಫ್ಲಶ್ ಟ್ಯಾಂಕಿನ ವಾಲ್ವ್ ಕೂಡ ತಿರುಗಿಸಿ, ಆ ಮನೆಯ ಲೈನಿಗೆ ಮೀಟರ್ ಇದ್ದರೆ ಒಂದು ಗಂಟೆ ಬಿಟ್ಟು ನೋಡಿ. ಮುಳ್ಳು ಓಡುತ್ತಿದ್ದರೆ ಗೋಡೆಯೊಳಗಿನ ಪೈಪ್ ಸೋರುತ್ತಿದೆ. ಓಡದೆ, ಸ್ನಾನ ಮಾಡಿದ ದಿನ ಮಾತ್ರ ತೇವ ಜಾಸ್ತಿ ಆಗುತ್ತಿದ್ದರೆ ಟೈಲ್ಸ್ ಸಂದಿ ಬಿಟ್ಟಿರಬೇಕು, ಇಲ್ಲ ನೀರು ಹೋಗುವ ಪೈಪ್ ಸೋರುತ್ತಿರಬೇಕು. ಇವೆಲ್ಲ ಕಟ್ಟಡದ ಸಮಸ್ಯೆ, ಓನರ್ ಖರ್ಚು. ಬಾಡಿಗೆಯವರೇ ಗೋಡೆಗೆ ಡ್ರಿಲ್ ಹಾಕಿ ಪೈಪ್ ತೂತು ಮಾಡಿದ್ದರೆ ಮಾತು ಬೇರೆ.

ಉತ್ತರ 2:
ನಾನೂ ಮನೆ ಬಾಡಿಗೆಗೆ ಕೊಟ್ಟವನೇ, ಆದರೂ ಪೂರ್ತಿ ಮುರಿದುಕೊಳ್ಳುವುದು ನ್ಯಾಯ ಅಲ್ಲ. ಪೈಪ್ ರಿಪೇರಿ ನಿಮ್ಮದು. ಗೊತ್ತಿದ್ದೂ ಹೇಳದೆ ಇದ್ದುದರಿಂದ ಹೆಚ್ಚಾದ ಹಾನಿ ಎಷ್ಟೋ ಅಷ್ಟನ್ನು ಕೇಳಬಹುದು, ಅದಕ್ಕೂ ಅವರಿಗೆ ಗೊತ್ತಿತ್ತು ಅಂತ ತೋರಿಸಬೇಕು. ವಾರ್ಡ್‌ರೋಬ್ ಹಿಂದೆ ಅಡಗಿದ್ದ ತೇವ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ಅಗ್ರಿಮೆಂಟ್‌ನಲ್ಲಿ "ಸೋರಿಕೆ ಕಂಡರೆ ತಕ್ಷಣ ತಿಳಿಸಬೇಕು" ಅಂತ ಸಾಲು ಇದೆಯಾ ನೋಡಿ. ಮನೆ ಕೊಡುವಾಗ ತೆಗೆದ ಫೋಟೋ ಇದ್ದರೆ ಹುಡುಕಿ, ಅದಿಲ್ಲದೆ ಸುಮ್ನೆ ವಾದ ಅಷ್ಟೇ.

ಉತ್ತರ 3:
ಪೇಂಟ್ ವಿಷಯ ಯಾರೂ ಹೇಳಲಿಲ್ಲ. ಬಣ್ಣ ಮಾಸಿದ್ದು, ಚಿಕ್ಕ ಮೊಳೆ ತೂತು, ನೆಲ ಸವೆದದ್ದು, ಇದೆಲ್ಲ ಜನ ವಾಸ ಮಾಡಿದ ಮೇಲೆ ಆಗುವುದೇ, ಅದಕ್ಕೆ ದುಡ್ಡು ಕೇಳಬಾರದು. ಒಡೆದ ಬೇಸಿನ್, ಸುಟ್ಟ ಕಲೆ, ಕಿತ್ತ ಬಾಗಿಲು ಹಾನಿ. ಅದರಲ್ಲೂ ಹಳೇ ವಸ್ತುವಿಗೆ ಹೊಸದರ ಬೆಲೆ ಹಾಕಬೇಡಿ. ಹತ್ತು ವರ್ಷ ಬಾಳುವ ವಾರ್ಡ್‌ರೋಬ್ ಏಳು ವರ್ಷ ಬಳಸಿ ಆಗಿದ್ದರೆ, ಉಳಿದ ಮೂರು ವರ್ಷದ ಬೆಲೆಯಷ್ಟೇ ಲೆಕ್ಕಕ್ಕೆ. ಬಿಲ್ ತೋರಿಸಿ ಮುರಿದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಪ್ರಶ್ನೆ ಕೇಳಿದವರು:
ಮೀಟರ್ ನೋಡಿದೆ, ನಿಧಾನವಾಗಿ ಓಡುತ್ತಿದೆ. ಗೀಸರ್‌ಗೆ ಹೋಗುವ ಲೈನ್ ಮುಚ್ಚಿದರೆ ನಿಲ್ಲುತ್ತದೆ. ಹಾಗಾದರೆ ಪೈಪ್, ಗೋಡೆ ಎರಡೂ ನನ್ನ ಖರ್ಚೇ. ವಾರ್ಡ್‌ರೋಬ್ ಬಗ್ಗೆ ಅವರ ಜೊತೆ ಕೂತು ಮಾತಾಡುತ್ತೇನೆ. ಹೊಸಬರು ಬರುವ ಮುಂಚೆ ಪೇಂಟ್ ಮಾಡಿಸಿಬಿಡಲಾ?

ಉತ್ತರ 1:
ಬೇಡ ಸಾರ್! ಪೈಪ್ ಸರಿ ಮಾಡಿದ ಮೇಲೂ ಗೋಡೆ ಒಣಗಲು ವಾರಗಟ್ಟಲೆ ಬೇಕು. ಗುಳ್ಳೆ ಎದ್ದ ಪೇಂಟ್, ಪುಟ್ಟಿ ಕೆರೆದು ಗೋಡೆಗೆ ಗಾಳಿ ಆಡಲು ಬಿಡಿ. ಆ ಬಿಳಿ ಪುಡಿ ಉಪ್ಪು, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಸಿ, ನೀರು ಹಾಕಿ ತೊಳೆಸಬೇಡಿ. ಹಸಿ ಗೋಡೆ ಮೇಲೆ ಬಣ್ಣ ಬಳಿದರೆ ಮತ್ತೆ ಗುಳ್ಳೆ ಏಳುತ್ತೆ, ಆಗ ಬಯ್ಯೋದು ಹೊಸ ಬಾಡಿಗೆಯವರು.