ಪುಟ್ಟಿಯ ಇಂಜಿನಿಯರಿಂಗ್ ಸೀಟು: ನಮ್ಮನೆ ಗ್ರೂಪಿನ ಮಾತು

ದೊಡ್ಡಮಾವ: (ಪೋಸ್ಟರ್: ‘ನಮ್ಮ ಕಾಲೇಜಿನ ಅತಿ ಹೆಚ್ಚು ಪ್ಯಾಕೇಜ್ 44 ಲಕ್ಷ!’) ಪುಟ್ಟಿಗೆ ಇಲ್ಲೇ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳಿ. ಸರ್ಕಾರಿ ಕಾಲೇಜು ಬೇಡ.

ನಾನು: ಮಾವ, ಆ 44 ಲಕ್ಷ ಒಬ್ಬನದು. ಫೋಟೋನೂ ಒಬ್ಬನದೇ ಇದೆ, ನೋಡಿ. ನಮಗೆ ಬೇಕಾದ್ದು ಸಾಲಿನ ಮಧ್ಯದಲ್ಲಿ ನಿಂತವನ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೋಗುವ ಕಾಲೇಜುಗಳು ಪಾಸಾದವರೆಷ್ಟು, ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಮೀಡಿಯನ್, ಅಂದರೆ ಆ ಮಧ್ಯದವನ ಸಂಬಳ ಎಷ್ಟು ಅಂತ ತಮ್ಮ ವೆಬ್‌ಸೈಟಿನಲ್ಲೇ ಹಾಕಬೇಕು.

ದೊಡ್ಡಮಾವ: ಆದರೂ ಖಾಸಗಿಯಲ್ಲಿ ಓದಿದವರು ಜಾಸ್ತಿ ದುಡಿಯುತ್ತಾರೆ ಅಲ್ವಾ? ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ನಾನು: ಅದು ಕಾಲೇಜಿನಿಂದಲೋ, ಅವರು ಮೊದಲೇ ಚುರುಕಾಗಿದ್ದರೋ? ಅಮೆರಿಕದಲ್ಲಿ ಸ್ಟೇಸಿ ಡೇಲ್, ಆಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಹುಡುಕಿದರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಬಗೆಯ ಕಾಲೇಜುಗಳಲ್ಲಿ ಸೀಟು ಸಿಕ್ಕವರನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕೆಲವರು ದೊಡ್ಡ ಹೆಸರಿನ ಕಡೆ ಹೋಗಿದ್ದರು, ಕೆಲವರು ಅದನ್ನು ಬಿಟ್ಟು ಬೇರೆ ಕಡೆ. 1995ರ ಸಂಬಳದಲ್ಲಿ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ.

ಅಕ್ಕ: ಎಲ್ಲರಿಗೂ ಹಾಗೇನಾ?

ನಾನು: ಇಲ್ಲ ಅಕ್ಕ. ಬಡವರ ಮನೆಯ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು.

ಅಕ್ಕ: ಹಾಗಾದರೆ ಅದು ನಮ್ಮ ಪುಟ್ಟಿಯೇ. ನಮ್ಮ ಮನೆಯಲ್ಲಿ ಇಂಜಿನಿಯರ್ ಯಾರಿದ್ದಾರೆ? ಇಂಟರ್‌ವ್ಯೂಗೆ ಏನು ಹಾಕಿಕೊಂಡು ಹೋಗಬೇಕು ಅಂತ ಹೇಳುವವರೂ ಇಲ್ಲ.

ನಾನು: ನಿನ್ನ ಮಾತು ನಿಜ. ನನಗೂ ಅದೇ ಚಿಂತೆ. ಆದರೆ ಅಮೆರಿಕದ ಆ ದೊಡ್ಡ ಕಾಲೇಜುಗಳು ಅಂಕ ನೋಡಿ ಆರಿಸುವಂಥವು. ಈ ಮ್ಯಾನೇಜ್‌ಮೆಂಟ್ ಸೀಟು ದುಡ್ಡು ಕಟ್ಟಿದರೆ ಸಿಗುತ್ತದೆ. 12 ಲಕ್ಷ ಸಾಲ, ಶೇ. 10 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 15,900 ರೂಪಾಯಿ ಕಂತು. ಓದುವಾಗಿನ ಬಡ್ಡಿ ಬೇರೆ. ಹಾಸನದ ಸರ್ಕಾರಿ ಕಾಲೇಜಿನಲ್ಲಿ ಓದಿ ಬರುವ ಸಂಬಳಕ್ಕಿಂತ ಅಷ್ಟು ಜಾಸ್ತಿ ಕೈಗೆ ಬಂದರೆ ಮಾತ್ರ ಸರಿಸಮ.

ದೊಡ್ಡಮಾವ: ಹಾಸನಕ್ಕೆ ಎಷ್ಟು ಕಂಪನಿ ಬರುತ್ತವೆ ಅಂತ ಮೊದಲು ಕೇಳು. ಮಗು ಭವಿಷ್ಯಕ್ಕೆ ಲೆಕ್ಕ ಹಾಕಬಾರದು. ಸಾಲಕ್ಕೆ ನಾನು ಜಾಮೀನು ನಿಲ್ಲುತ್ತೇನೆ.

ನಾನು: ನೀವು ಜಾಮೀನು ನಿಂತರೂ ತೀರಿಸುವವಳು ಅವಳು, ಮಾವ. ಕಂತು ತಲೆ ಮೇಲಿದ್ದರೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಮಾಡೋಣ ಅಂದರೂ ಧೈರ್ಯ ಬರುವುದಿಲ್ಲ. ಸಿಕ್ಕಿದ ಕೆಲಸಕ್ಕೆ ಸೇರಬೇಕಾಗುತ್ತದೆ.

ಪುಟ್ಟಿ: ಎಲ್ಲರೂ ಕೇಳಿ, ಪೋಸ್ಟರಿನ ಕಾಲೇಜಿನ ವೆಬ್‌ಸೈಟಿನಲ್ಲಿ ಎನ್‌ಐಆರ್‌ಎಫ್ ಪಿಡಿಎಫ್ ತೆಗೆದು ನೋಡಿದೆ. ಎಲ್ಲ ಬ್ರಾಂಚೂ ಸೇರಿಸಿ ಒಂದೇ ಮೀಡಿಯನ್ ಕೊಟ್ಟಿದ್ದಾರೆ. ನನಗೆ ಬೇಕಾದ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಬ್ರಾಂಚ್) ಲೆಕ್ಕ ಅದರಲ್ಲಿ ಇಲ್ಲ. ನಾಳೆ ಅಪ್ಪನ ಜೊತೆ ಎರಡೂ ಕಾಲೇಜಿಗೆ ಹೋಗಿ ಕೊನೇ ವರ್ಷದವರನ್ನೇ ಕೇಳುತ್ತೇನೆ. ಸಿಇಟಿ ಚಾಯ್ಸ್ ಹಾಕಲು ಶನಿವಾರದವರೆಗೆ ಟೈಮ್ ಇದೆ. ಅಲ್ಲಿವರೆಗೆ ಯಾರಿಗೂ ಅಡ್ವಾನ್ಸ್ ಕಟ್ಟಬೇಡಿ.